ಮೀನು ಮೆದ್ದ ಹವಳ, ಹವಳ ಕಟ್ಟಿದ ದ್ವೀಪ

ಲಕ್ಷದ್ವೀಪದಲ್ಲಿ ಲೆಕ್ಕಕ್ಕೆ 36 ದ್ವೀಪಗಳಿವೆ, ಜನವಸತಿ ಇರುವುದು ಹತ್ತರಲ್ಲಿ. ಎಲ್ಲದರ ನೆಲ ಕೂಡಿಸಿದರೂ ಸುಮಾರು 32 ಚದರ ಕಿಲೋಮೀಟರ್. ಹವಳದ ದಿಬ್ಬಗಳ ಒಳಮಗ್ಗುಲಲ್ಲಿ ಸೆರೆಸಿಕ್ಕ ಆಳವಿಲ್ಲದ ಕಡಲು, ಅಂದರೆ ಲಗೂನ್‌ಗಳು, ಸುಮಾರು 4,200 ಚದರ ಕಿಲೋಮೀಟರ್ ಹರಡಿವೆ. ಈ ದ್ವೀಪಗಳಲ್ಲಿ ಬೆಟ್ಟವಿಲ್ಲ, ಹೊಳೆಯಿಲ್ಲ; ಸಮುದ್ರಮಟ್ಟದಿಂದ ಕೆಲವೇ ಮೀಟರ್ ಎತ್ತರ. ಕಾಲಡಿಯ ಬಿಳಿ ಮರಳು ಬಂಡೆ ಸವೆದು ಹುಟ್ಟಿದ್ದಲ್ಲ. ಹವಳ, ಚಿಪ್ಪು, ಮೈಯಲ್ಲಿ ಸುಣ್ಣ ಕಟ್ಟಿಕೊಳ್ಳುವ ಪಾಚಿ, ಇಂಥ ಜೀವಿಗಳು ಬಿಟ್ಟುಹೋದ ಪುಡಿ ಅದು. ಸ್ಕೂಬಾ ಸಲಕರಣೆ ತೊಟ್ಟು ಅಗತ್ತಿಯಲ್ಲೋ ಕದ್ಮತ್‌ನಲ್ಲೋ ನೀರಿಗಿಳಿದವರ ಕಣ್ಣೆದುರು ಆ ಪುಡಿ ತಯಾರಾಗುವ ಕೆಲಸ ನಡೆದಿರುತ್ತದೆ. ಬಣ್ಣದ ಮೀನುಗಳು ಅದರ ಕೂಲಿಯಾಳುಗಳು.

ಈ ನೆಲದ ಬುಡದಲ್ಲಿರುವುದು ಮಾತ್ರ ಬೆಂಕಿಯ ಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಲಾವಾ ಹರಿದು ಬೀದರ್, ವಿಜಯಪುರ, ಬೆಳಗಾವಿ ಕಡೆಯ ಕಪ್ಪು ಬಸಾಲ್ಟ್ ಪದರಗಳಾದವು. ಭೂಗರ್ಭದ ಅದೇ ಬಿಸಿತಾಣದ ಮೇಲಿಂದ ಭಾರತದ ಭೂಫಲಕ ಉತ್ತರಕ್ಕೆ ಸರಿಯುತ್ತ ಹೋದಂತೆ ಅದರ ಜಾಡಿನಲ್ಲಿ ಕಡಲ ತಳದಿಂದ ಜ್ವಾಲಾಮುಖಿಗಳ ಸಾಲೊಂದು ಎದ್ದಿತು. ಲಕ್ಷದ್ವೀಪ, ಮಾಲ್ದೀವ್ಸ್, ಛಾಗೋಸ್ ಮೂರೂ ಆ ಸಾಲಿನ ನೆತ್ತಿಯ ಮೇಲಿವೆ. ಬಿಸಿತಾಣ ಈಗ ದೂರದ ರಿಯೂನಿಯನ್ ದ್ವೀಪದ ಅಡಿಯಲ್ಲಿದೆ.

ತಣ್ಣಗಾದ ಜ್ವಾಲಾಮುಖಿ ನಿಧಾನಕ್ಕೆ ಕುಸಿಯುತ್ತದೆ. ಅದರ ದಂಡೆಗೆ ಅಂಟಿ ಬೆಳೆದ ಹವಳ ಬೆಳಕು ಬಿಟ್ಟು ಬದುಕಲಾರದು. ಬೆಟ್ಟ ಇಳಿದಷ್ಟೂ ತಾನು ಮೇಲಕ್ಕೆ ಕಟ್ಟಿಕೊಳ್ಳುತ್ತ ಹೋಗುತ್ತದೆ. ಕೊನೆಗೆ ಬೆಟ್ಟ ನೀರಡಿ ಮರೆಯಾಗಿ ಹವಳದ ಸುತ್ತು ಮಾತ್ರ ಉಂಗುರವಾಗಿ ಉಳಿಯುತ್ತದೆ. ಅಟಾಲ್ ಎನ್ನುವುದು ಇದನ್ನೇ. ಚಾರ್ಲ್ಸ್ ಡಾರ್ವಿನ್ 1842ರಲ್ಲಿ ಹೀಗೆಂದು ಪುಸ್ತಕ ಬರೆದಾಗ ಅಷ್ಟು ಆಳಕ್ಕೆ ಕೊರೆದು ನೋಡುವ ಸಾಧನ ಇರಲಿಲ್ಲ. 1952ರಲ್ಲಿ ಶಾಂತಸಾಗರದ ಎನಿವೆಟಾಕ್ ಅಟಾಲ್‌ನಲ್ಲಿ ಅಮೆರಿಕನ್ನರು ಕೊಳವೆ ಇಳಿಸಿದರು. ಸುಮಾರು 1,400 ಮೀಟರ್ ಸುಣ್ಣದ ಕಲ್ಲು ದಾಟಿದ ಮೇಲೆ ಬಸಾಲ್ಟ್ ಸಿಕ್ಕಿತು. ನೂರಹತ್ತು ವರ್ಷ ಕಾದ ಊಹೆಯೊಂದು ಇಷ್ಟು ನೇರವಾಗಿ ಋಜುವಾಗುವುದು ವಿಜ್ಞಾನದಲ್ಲಿ ಅಪರೂಪ.

ಹೀಗೆ ಎದ್ದ ದ್ವೀಪಗಳ ಹೊರಮೈ ಕಡಿದು ನಿಲ್ಲಿಸಿದಷ್ಟು ನೆಟ್ಟಗಿರುತ್ತದೆ. ಲಕ್ಷದ್ವೀಪದ ಕವರಟ್ಟಿಯಲ್ಲಿ ಅದರಿಂದ ಒಂದು ಉಪಕಾರವೂ ಆಗಿದೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2005ರಲ್ಲಿ ಅಲ್ಲಿ ಕಟ್ಟಿದ ಸ್ಥಾವರ, ದಡದಿಂದ ಹೆಚ್ಚು ದೂರ ಹೋಗದೆಯೇ ಸುಮಾರು 350 ಮೀಟರ್ ಆಳದ ತಣ್ಣೀರನ್ನು ಎಳೆದುಕೊಳ್ಳುತ್ತದೆ. ಮೇಲಿನ ಬೆಚ್ಚನೆಯ ಕಡಲನೀರನ್ನು ಕಡಿಮೆ ಒತ್ತಡದಲ್ಲಿ ಆವಿಯಾಗಿಸಿ, ಆ ಆವಿಯನ್ನು ಈ ತಣ್ಣೀರಿನಿಂದ ತಂಪಾಗಿಸಿದರೆ ಕುಡಿಯುವ ನೀರು. ದಿನಕ್ಕೆ ಒಂದು ಲಕ್ಷ ಲೀಟರ್ ಅದರ ಸಾಮರ್ಥ್ಯ.

ಇಷ್ಟನ್ನೆಲ್ಲ ಕಟ್ಟಿದ ಹವಳ, ನೋಡಲು ಗಿಡ, ಮುಟ್ಟಿದರೆ ಕಲ್ಲು. ಜಾತಿಯಲ್ಲಿ ಜೆಲ್ಲಿಫಿಶ್‌ನ ದಾಯಾದಿಯಾದ ಪ್ರಾಣಿ. ಒಂದೊಂದು ಪಾಲಿಪ್ ಸಾಮಾನ್ಯವಾಗಿ ಕೆಲವೇ ಮಿಲಿಮೀಟರ್ ಅಗಲ: ಒಂದು ಚೀಲ, ಅದರ ಬಾಯಿ, ಬಾಯಿಯ ಸುತ್ತ ಕುಟುಕುವ ಎಳೆಗಳು. ಕಡಲನೀರಿನಿಂದ ಕ್ಯಾಲ್ಸಿಯಂ ಹೀರಿ ತನ್ನ ಅಡಿಯಲ್ಲಿ ಸುಣ್ಣದ ಬಟ್ಟಲು ಕಟ್ಟಿಕೊಂಡು, ಅದರ ಮೇಲೆ ಇನ್ನೊಂದು ಪದರ ಕಟ್ಟಿ, ಹಳೆಯದನ್ನು ಬಿಟ್ಟು ಮೇಲೇರುತ್ತದೆ. ಸಾವಿರಾರು ಪಾಲಿಪ್‌ಗಳು ಕೂಡಿ ಬೆಳೆದಾಗ ಒಂದು ಹವಳದ ಗುಡ್ಡೆ. ಇಷ್ಟು ಕೆಲಸಕ್ಕೆ ಬೇಕಾದ ಕಸುವು ಅದು ಹಿಡಿದು ತಿನ್ನುವ ಸೂಕ್ಷ್ಮಜೀವಿಗಳಿಂದಷ್ಟೇ ಹುಟ್ಟುವುದಿಲ್ಲ. ಪಾಲಿಪ್‌ನ ಜೀವಕೋಶಗಳೊಳಗೇ ಏಕಕೋಶದ ಪಾಚಿಗಳು ವಾಸವಾಗಿವೆ. ಅವು ಬಿಸಿಲಿನಿಂದ ಸಕ್ಕರೆ ಮಾಡಿ ಅದರ ಬಹುಪಾಲನ್ನು ಹವಳಕ್ಕೆ ಬಿಡುತ್ತವೆ, ಹವಳದ ತ್ಯಾಜ್ಯವನ್ನು ಗೊಬ್ಬರವಾಗಿ ಪಡೆಯುತ್ತವೆ. ಹವಳದ ಕಂದು, ಹಸಿರು ಛಾಯೆಗಳಲ್ಲಿ ಹೆಚ್ಚಿನವು ಈ ಪಾಚಿಯದೇ. ಪೋಷಕಾಂಶ ತೀರಾ ಕಡಿಮೆ ಇರುವ, ಅದಕ್ಕೇ ಗಾಜಿನಷ್ಟು ತಿಳಿಯಾದ ನೀರಿನಲ್ಲಿ ಇಷ್ಟು ಜೀವರಾಶಿ ಹೇಗೆ ಎಂಬ ಪ್ರಶ್ನೆಗೆ ಉತ್ತರದ ದೊಡ್ಡ ಭಾಗ ಈ ಒಳಒಪ್ಪಂದದಲ್ಲಿದೆ. ಅದು ಮುರಿದಾಗ ಏನಾಗುತ್ತದೆ ಎಂಬುದನ್ನು ಲಕ್ಷದ್ವೀಪ ಮತ್ತೆ ಮತ್ತೆ ಕಂಡಿದೆ.

ಎಲ್ಲ ಹವಳವೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಬಂಡೆಯಂತೆ ದುಂಡಗಿರುವ ಪೊರೈಟಿಸ್ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು. ಆಳೆತ್ತರದ ಗುಡ್ಡೆಯೊಂದಕ್ಕೆ ನೂರಾರು ವರ್ಷ ವಯಸ್ಸು. ಜಿಂಕೆಯ ಕೊಂಬಿನಂತೆ ಕವಲೊಡೆಯುವ, ಮೇಜಿನಂತೆ ಹರಡುವ ಅಕ್ರೊಪೊರಾ ವರ್ಷಕ್ಕೆ ಹತ್ತು ಸೆಂಟಿಮೀಟರ್ ಮುಟ್ಟಬಲ್ಲದು. ಬೇಗ ಬೆಳೆದದ್ದು ಬೇಗ ಮುರಿಯುತ್ತದೆ, ಬಿಸಿಗೂ ಬೇಗ ಸೋಲುತ್ತದೆ.

ಇದನ್ನೆಲ್ಲ ಹತ್ತಿರದಿಂದ ನೋಡುವುದು ಮನುಷ್ಯರಿಗೆ ಸಲೀಸಾದದ್ದು 1943ರ ನಂತರ. ಆ ವರ್ಷ ಫ್ರಾನ್ಸಿನ ಜಾಕ್ ಕುಸ್ತೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾ ಸೇರಿ ರೂಪಿಸಿದ ‘ಆಕ್ವಾಲಂಗ್’ನಲ್ಲಿ, ಉಸಿರು ಎಳೆದಾಗಷ್ಟೇ ತೆರೆದು, ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾದ ಒತ್ತಡದಲ್ಲಿ ಗಾಳಿ ಕೊಡುವ ಕವಾಟವಿತ್ತು. ಇಂದಿನ ರೆಗ್ಯುಲೇಟರ್ ಅದರದೇ ಸುಧಾರಿತ ರೂಪ. ಬೆನ್ನಿನ ಸಿಲಿಂಡರ್‌ನಲ್ಲಿರುವುದು ಆಮ್ಲಜನಕ ಎಂದು ಅನೇಕರು ತಿಳಿದಿದ್ದಾರೆ. ಸಾಮಾನ್ಯ ಡೈವ್‌ನಲ್ಲಿ ಅದು ಒತ್ತಿ ತುಂಬಿದ ಮಾಮೂಲಿ ಗಾಳಿ. ಹನ್ನೊಂದು ಹನ್ನೆರಡು ಲೀಟರ್ ಜಾಗದಲ್ಲಿ ಎರಡು ಸಾವಿರ ಲೀಟರಿಗೂ ಹೆಚ್ಚು.

ನೀರೊಳಗೆ ಪ್ರತಿ ಹತ್ತು ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಕೂಡುತ್ತ ಹೋಗುತ್ತದೆ. ಹತ್ತು ಮೀಟರ್ ಆಳದಲ್ಲಿ ಗಾಳಿಯ ಗಾತ್ರ ಅರ್ಧ, ಇಪ್ಪತ್ತರಲ್ಲಿ ಮೂರನೇ ಒಂದು. ಡೈವಿಂಗ್‌ನ ನಿಯಮಗಳಲ್ಲಿ ಬಹುಪಾಲು ಈ ಒಂದು ಲೆಕ್ಕದಿಂದ ಹುಟ್ಟಿದವು. ಇಳಿಯುವಾಗ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯ ಒತ್ತಡ ಸರಿಮಾಡಿಕೊಳ್ಳದಿದ್ದರೆ ತಮಟೆಗೆ ನೋವು. ಇಪ್ಪತ್ತು ಮೀಟರ್‌ನಲ್ಲಿ ಸಿಲಿಂಡರ್ ಮೂರು ಪಟ್ಟು ವೇಗವಾಗಿ ಖಾಲಿಯಾಗುತ್ತದೆ. ಮೇಲೇರುವಾಗ ಉಸಿರು ಬಿಗಿಹಿಡಿದರೆ ಶ್ವಾಸಕೋಶದ ಗಾಳಿ ಹಿಗ್ಗಿ ಹರಿಯಬಹುದು. ಎಂದೂ ಉಸಿರು ಕಟ್ಟಬಾರದು ಎಂಬುದು ಮೊದಲ ಪಾಠವಾದದ್ದು ಅದಕ್ಕೆ. ಒತ್ತಡದಲ್ಲಿ ರಕ್ತ, ಮಾಂಸಗಳಿಗೆ ಕರಗಿದ ಸಾರಜನಕ ಹೊರಬರಲು ಸಮಯ ಬೇಕು. ಅವಸರದಲ್ಲಿ ಮೇಲೆ ಬಂದರೆ ಅದು ಮೈಯೊಳಗೇ ಗುಳ್ಳೆಯಾಗಿ ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ಏನೂ ಆಗಬಹುದು. ಹೀಗಾಗಿ ನಿಮಿಷಕ್ಕೆ ಸುಮಾರು ಒಂಬತ್ತು ಮೀಟರ್ ಮೀರದಂತೆ ಏರಿ, ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲುವುದು ರೂಢಿ. ಮೊದಲ ಹಂತದ ತರಬೇತಿ ಮುಗಿಸಿದವರಿಗೆ ಮಿತಿ 18 ಮೀಟರ್. ಮೂವತ್ತು ಮೀಟರ್ ಆಚೆಗೆ ಸಾರಜನಕವೇ ಅಮಲೇರಿಸುತ್ತದೆ. ಮಾತಿಲ್ಲದ ಈ ಲೋಕದಲ್ಲಿ ಕೈಸನ್ನೆಯೇ ಭಾಷೆ. ಹೊಸಬರು ಖುಷಿಗೆ ಹೆಬ್ಬೆರಳು ಎತ್ತಿದರೆ ಗೈಡ್ ಅವರನ್ನು ದೋಣಿಯ ಕಡೆಗೆ ಹತ್ತಿಸಿಕೊಂಡು ಹೋಗುತ್ತಾರೆ. ಅದರ ಅರ್ಥ ‘ಮೇಲೆ ಹೋಗೋಣ’ ಎಂದು. ‘ಎಲ್ಲ ಸರಿ’ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸುತ್ತು ಮಾಡಬೇಕು.

ನೀರೊಳಗೆ ಕಣ್ಣು, ಕಿವಿ ಎರಡೂ ಸ್ವಲ್ಪ ಸುಳ್ಳು ಹೇಳುತ್ತವೆ. ಮಾಸ್ಕಿನ ಗಾಜಿನ ಮೂಲಕ ವಸ್ತುಗಳು ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತವೆ. ‘ಇಷ್ಟುದ್ದದ ಶಾರ್ಕ್’ ಎಂದು ಕೈಚಾಚಿ ತೋರಿಸುವವರ ಮಾತಿನಿಂದ ಕಾಲುಭಾಗ ಕಳೆಯುವುದು ನ್ಯಾಯ. ಸೂರ್ಯನ ಬೆಳಕಿನ ಕೆಂಪು ಮೊದಲ ಕೆಲವು ಮೀಟರ್‌ಗಳಲ್ಲೇ ನೀರಿಗೆ ಇಂಗಿಹೋಗಿ, ಆಮೇಲೆ ಕಿತ್ತಳೆ, ಹಳದಿ ಮಂಕಾಗಿ, ಆಳದಲ್ಲಿ ಉಳಿಯುವುದು ನೀಲಿ. ಟಾರ್ಚ್ ಹಾಕಿದ ಕೂಡಲೇ ಬೂದುಬಣ್ಣದ ಬಂಡೆಯ ಮೇಲೆ ಕಡುಗೆಂಪು ಸ್ಪಂಜುಗಳು ಕಾಣಿಸುತ್ತವೆ. ಶಬ್ದ ಗಾಳಿಯಲ್ಲಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗದಲ್ಲಿ ಸಾಗುವುದರಿಂದ ಯಾವ ದಿಕ್ಕಿನಿಂದ ಬಂತೆಂದು ತಿಳಿಯುವುದಿಲ್ಲ. ಆರೋಗ್ಯವಾಗಿರುವ ಹವಳದ ದಿಬ್ಬವಂತೂ ಬಹಳ ಗದ್ದಲದ ಜಾಗ. ಚಟಪಟ ಸದ್ದಿಗೆ ಕಾರಣ ಒಂದು ಜಾತಿಯ ಸಿಗಡಿ. ಅದು ತನ್ನ ದೊಡ್ಡ ಕೊಂಡಿಯನ್ನು ಎಷ್ಟು ರಭಸದಿಂದ ಮುಚ್ಚುತ್ತದೆಂದರೆ ನೀರಿನಲ್ಲಿ ಗುಳ್ಳೆಯೊಂದು ಹುಟ್ಟಿ ಒಡೆಯುತ್ತದೆ. ಆ ಒಡೆತವೇ ಸದ್ದು.

ಲಕ್ಷದ್ವೀಪದ ಹೆಚ್ಚಿನ ದ್ವೀಪಗಳು ಅಟಾಲ್‌ನ ಪೂರ್ವದ ಅಂಚಿನಲ್ಲಿವೆ, ಲಗೂನ್ ಪಶ್ಚಿಮಕ್ಕೆ. ಮುಂಗಾರಿನ ಅಲೆ ಬಡಿಯುವುದು ಲಗೂನ್‌ನ ಆಚೆಯ ದಿಬ್ಬಕ್ಕೆ. ಊರಿಗೆ ತಲುಪುವ ಹೊತ್ತಿಗೆ ಅದರ ಸೊಕ್ಕು ಇಳಿದಿರುತ್ತದೆ. ಲಗೂನ್ ಒಳಗೆ ಎದೆಮಟ್ಟದ ನೀರು, ಮರಳು, ಅಲ್ಲಲ್ಲಿ ಹವಳದ ಗುಡ್ಡೆ. ಡೈವರ್‌ಗಳು ಸಾಮಾನ್ಯವಾಗಿ ದೋಣಿಯಲ್ಲಿ ದಿಬ್ಬ ದಾಟಿ ಹೊರ ಇಳಿಜಾರಿಗೆ ಹೋಗುತ್ತಾರೆ. ಅಲ್ಲಿ ಹವಳದ ಮೆಟ್ಟಿಲುಗಳು ಹದಿನೈದು ಇಪ್ಪತ್ತು ಮೀಟರ್‌ವರೆಗೆ ಇಳಿದು, ಮುಂದೆ ಗೋಡೆಯಾಗಿ ನೀಲಿಯೊಳಗೆ ಹೋಗುತ್ತವೆ. ಒಂದು ಪಕ್ಕ ಗೋಡೆಯ ಬಿರುಕುಗಳ ಮೀನು, ಮತ್ತೊಂದು ಪಕ್ಕ ತೆರೆದ ಕಡಲಿನಿಂದ ಬಂದು ಹೋಗುವ ಟ್ಯೂನಾ, ಬೂದು ಶಾರ್ಕ್, ಅದೃಷ್ಟವಿದ್ದರೆ ಮಾಂಟಾ ತೊರಕೆ.

ಮೀನುಗಳಲ್ಲಿ ಮೊದಲು ಹೇಳಬೇಕಾದದ್ದು ಗಿಣಿಮೀನಿನ ವಿಷಯ. ಅದರ ಹಲ್ಲುಗಳು ಬೆಸೆದು ಕೊಕ್ಕಾಗಿವೆ. ಹವಳದ ಮೇಲ್ಮೈಯನ್ನು ಕಚ್ಚಿ ಕೆರೆದು, ಗಂಟಲಿನಲ್ಲಿರುವ ಇನ್ನೊಂದು ಸಾಲು ಹಲ್ಲುಗಳಲ್ಲಿ ಅರೆದು, ಪಾಚಿಯನ್ನೂ ಸೂಕ್ಷ್ಮಜೀವಿಗಳನ್ನೂ ಜೀರ್ಣಿಸಿಕೊಂಡು ಉಳಿದ ಸುಣ್ಣವನ್ನು ಬಿಳಿ ಮರಳಾಗಿ ಹೊರಹಾಕುತ್ತದೆ. ಕೆರೆಯುವ ಸದ್ದು ಡೈವರ್‌ನ ಕಿವಿಗೆ ಸ್ಪಷ್ಟ. ದೊಡ್ಡ ಗಿಣಿಮೀನೊಂದು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡುತ್ತದೆ. ಲಕ್ಷದ್ವೀಪದ ನೆರೆಯ ಮಾಲ್ದೀವ್ಸ್‌ನಲ್ಲಿ, ವಕ್ಕರು ದ್ವೀಪದ ಸುತ್ತ ಹೊಸದಾಗಿ ಹುಟ್ಟುವ ಮರಳಿನ ಶೇ 85ಕ್ಕೂ ಹೆಚ್ಚು ಗಿಣಿಮೀನಿನದು ಎಂದು 2015ರ ಅಧ್ಯಯನವೊಂದು ಲೆಕ್ಕ ಹಾಕಿತು. ಪ್ರವಾಸಿಗರು ಮೈಚೆಲ್ಲಿ ಮಲಗುವ ಬೀಚ್ ಬಹುಮಟ್ಟಿಗೆ ಮೀನಿನ ಹೊಟ್ಟೆಯಿಂದ ಬಂದದ್ದು. ಇದೇ ಮೀನು ಪಾಚಿಯನ್ನು ಬೋಳಿಸಿ ಹವಳದ ಮರಿಗಳು ಅಂಟಿಕೊಳ್ಳಲು ಜಾಗ ಮಾಡಿಕೊಡುವುದರಿಂದ, ಅದು ಹವಳದ ಶತ್ರುವೋ ಮಿತ್ರನೋ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ರಾತ್ರಿಯ ಹೊತ್ತು ಕೆಲವು ಜಾತಿಯ ಗಿಣಿಮೀನುಗಳು ಬಾಯಿಂದ ಲೋಳೆಯ ಪೊರೆಯೊಂದನ್ನು ಸುತ್ತಿಕೊಂಡು ನಿದ್ದೆಮಾಡುತ್ತವೆ.

ಮರಳು ಹುಟ್ಟುವ ವೇಗ ನಿಧಾನ, ಕಟ್ಟಡ ಏಳುವ ವೇಗ ಜೋರು. ಹಿಂದೆ ದ್ವೀಪಗಳಲ್ಲಿ ಹವಳದ ಕಲ್ಲು, ಹವಳ ಸುಟ್ಟ ಸುಣ್ಣದಲ್ಲೇ ಮನೆ ಕಟ್ಟುತ್ತಿದ್ದರು. ಈಗ ಮಂಗಳೂರಿನ ಹಳೆ ಬಂದರಿನಿಂದ ಮಂಜಿ ಎಂಬ ಸರಕುದೋಣಿಗಳು ಜಲ್ಲಿ, ಮರಳು, ಸಿಮೆಂಟು, ತರಕಾರಿ ಹೊತ್ತು ಹೋಗುತ್ತವೆ. ಈ ನಂಟು ಹಳೆಯದು. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1787ರಲ್ಲಿ ಟಿಪ್ಪುವಿನ ಆಡಳಿತಕ್ಕೆ ಬಂದು, 1799ರ ನಂತರ ಬ್ರಿಟಿಷರ ಕೈಸೇರಿ, 1956ರಲ್ಲಿ ಕೇಂದ್ರಾಡಳಿತ ಪ್ರದೇಶ ಆಗುವವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ತೆಂಗಿನ ನಾರಿನ ಹುರಿ ಮಂಗಳೂರಿಗೆ, ಅಕ್ಕಿ ದ್ವೀಪಕ್ಕೆ. ವ್ಯಾಪಾರ ಹಾಗೆ ನಡೆದಿತ್ತು.

ದಿಬ್ಬದ ಮೇಲೆ ಕೆಲವು ಗೊತ್ತಾದ ಜಾಗಗಳಲ್ಲಿ ದೊಡ್ಡ ಮೀನುಗಳು ಬಂದು ಅಲುಗಾಡದೆ ನಿಲ್ಲುತ್ತವೆ. ಬೆರಳುದ್ದದ ನೀಲಿಪಟ್ಟೆಯ ಕ್ಲೀನರ್ ರಾಸ್ ಅವುಗಳ ಕಿವಿರು, ಬಾಯೊಳಗೆಲ್ಲ ನುಗ್ಗಿ ಪರೋಪಜೀವಿಗಳನ್ನು ಹೆಕ್ಕಿ ತಿನ್ನುತ್ತದೆ. ಬೇರೆ ಹೊತ್ತಿನಲ್ಲಿ ಅಂಥ ಸಣ್ಣ ಮೀನನ್ನು ನುಂಗಿಬಿಡುವ ಗ್ರೂಪರ್, ಮೊರೆ ಹಾವುಮೀನು ಕೂಡ ಇಲ್ಲಿ ಬಾಯಿ ತೆರೆದು ಸುಮ್ಮನಿರುತ್ತವೆ. ಈ ನಂಬಿಕೆಯ ಮೇಲೆ ಬದುಕುವ ವಂಚಕನೂ ಇದ್ದಾನೆ: ರೂಪ, ಬಣ್ಣ, ಕುಣಿತ ಎಲ್ಲ ರಾಸ್‌ನದೇ ಆದ ಬ್ಲೆನಿ ಮೀನೊಂದು ಹತ್ತಿರ ಬಂದು ರೆಕ್ಕೆಯ ತುಂಡು ಕಚ್ಚಿ ಓಡುತ್ತದೆ. ಮೊರೆಯ ಗಂಟಲಿನಲ್ಲಿ ಎರಡನೆಯ ದವಡೆಯಿದ್ದು, ಅದು ಮುಂದಕ್ಕೆ ಚಿಮ್ಮಿ ಬೇಟೆಯನ್ನು ಒಳಕ್ಕೆಳೆಯುತ್ತದೆ ಎಂಬುದು ಪತ್ತೆಯಾದದ್ದು 2007ರಲ್ಲಿ. ಸಿನಿಮಾದಿಂದ ಮಕ್ಕಳಿಗೂ ಪರಿಚಿತವಾದ ಕ್ಲೌನ್‌ಫಿಶ್, ಕುಟುಕುವ ಎನಿಮೋನ್‌ನ ಎಳೆಗಳ ನಡುವೆ ಲೋಳೆಯ ರಕ್ಷಣೆಯಲ್ಲಿ ಬದುಕುತ್ತದೆ. ಅದರ ಗುಂಪಿಗೆ ಹೆಣ್ಣೇ ಯಜಮಾನಿ. ಅವಳು ಸತ್ತರೆ ದೊಡ್ಡ ಗಂಡು ಹೆಣ್ಣಾಗಿ ಬದಲಾಗುತ್ತದೆ. ಸಿಂಹಮೀನು, ಕಲ್ಲುಮೀನುಗಳ ಬೆನ್ನಮುಳ್ಳಿನಲ್ಲಿ ವಿಷ. ಕಲ್ಲುಮೀನು ಹೆಸರಿಗೆ ತಕ್ಕಂತೆ ಕಲ್ಲಾಗಿಯೇ ಬಿದ್ದಿರುವುದರಿಂದ ಎಲ್ಲೂ ಕೈಯೂರಬಾರದೆಂಬ ನಿಯಮ ಹವಳದ ಹಿತಕ್ಕೂ ಹೌದು, ಕೈಯ ಹಿತಕ್ಕೂ ಹೌದು.

ಗ್ರೂಪರ್‌ಗಳ ಬದುಕು ದಿಬ್ಬದ ಸಂದುಗೊಂದುಗಳಿಗೆ ಕಟ್ಟಿಬಿದ್ದದ್ದು. ಬಿತ್ರಾದಲ್ಲಿ ಅಮಾವಾಸ್ಯೆಯ ಸುಮಾರಿಗೆ ಒಂದು ಜಾತಿಯ ಗ್ರೂಪರ್‌ಗಳು ಭಾರಿ ಸಂಖ್ಯೆಯಲ್ಲಿ ಒಂದೇ ಕಡೆ ಸೇರಿ ಮೊಟ್ಟೆಯಿಡುವುದನ್ನು ಮೈಸೂರು ಮೂಲದ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು ದಾಖಲಿಸಿದ್ದಾರೆ. ಇಂಥ ಜಾತ್ರೆಗೆ ಬಲೆ ಬಿದ್ದರೆ ಒಂದೆರಡು ದಿನದಲ್ಲಿ ಒಂದು ತಲೆಮಾರೇ ಹೋಗುತ್ತದೆ. ಲಕ್ಷದ್ವೀಪದ ಪುಣ್ಯಕ್ಕೆ ಅಲ್ಲಿನ ಮುಖ್ಯ ಮೀನುಗಾರಿಕೆ ತೆರೆದ ಕಡಲಿನ ಟ್ಯೂನಾದ್ದು: ಲಗೂನ್‌ನಲ್ಲಿ ಹಿಡಿದ ಸಣ್ಣ ಜೀವಂತ ಮೀನನ್ನು ಎರಚಿ, ಟ್ಯೂನಾವನ್ನು ಗಳುಗಾಳದಲ್ಲಿ ಒಂದೊಂದಾಗಿ ಎತ್ತುವ ವಿಧಾನ. ಬೇಯಿಸಿ, ಹೊಗೆಯಾಡಿಸಿ, ಒಣಗಿಸಿದ ‘ಮಾಸ್’ ಮಿನಿಕಾಯ್‌ನ ಹೆಸರುವಾಸಿ ಪದಾರ್ಥ. ದಿಬ್ಬದ ಮೀನಿನ ಮೇಲೆ ದೀರ್ಘಕಾಲ ಒತ್ತಡ ಕಡಿಮೆ ಇದ್ದದ್ದಕ್ಕೆ ಈ ಅಭ್ಯಾಸವೇ ಕಾರಣ. ಈಚೆಗೆ ದಿಬ್ಬದ ಮೀನಿಗೂ ಹೊರಗಿನ ಮಾರುಕಟ್ಟೆ ತೆರೆದಿದೆ.

ಸಂರಕ್ಷಣೆ ಎಂದರೆ ಸಂಖ್ಯೆ ಹೆಚ್ಚಿಸುವುದು ಎಂದು ತಿಳಿದವರಿಗೆ ಅಗತ್ತಿಯ ಲಗೂನ್ ಪೇಚಿನ ಉದಾಹರಣೆ. ಅಲ್ಲಿ ಹಸಿರು ಕಡಲಾಮೆಗಳು ಗುಂಪುಗುಂಪಾಗಿ ನೆಲೆಸಿ ಕಡಲಹುಲ್ಲನ್ನು ಬುಡದವರೆಗೆ ಮೇಯ್ದವು. ಹುಲ್ಲಿನಲ್ಲಿ ಬೆಳೆಯುವ ಮರಿಮೀನುಗಳು ಕಡಿಮೆಯಾದವು. ಆಮೆಗಳಿಂದ ತಮ್ಮ ಮೀನು ಹೋಯಿತೆಂದು ಮೀನುಗಾರರು ದೂರಿದ್ದು ಬರೀ ಗೊಣಗಾಟವಲ್ಲ, ಅಧ್ಯಯನಗಳೂ ಅದನ್ನು ಬೆಂಬಲಿಸಿದವು. ಹುಲ್ಲು ತೀರಿದ ಮೇಲೆ ಆಮೆಗಳು ಬೇರೆ ಲಗೂನ್‌ಗಳಿಗೆ ಹೋದವು.

ಇವೆಲ್ಲಕ್ಕಿಂತ ದೊಡ್ಡ ಲೆಕ್ಕ ಬಿಸಿಯದು. ಬೇಸಿಗೆಯ ವಾಡಿಕೆಯ ಗರಿಷ್ಠಕ್ಕಿಂತ ನೀರು ಒಂದೇ ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿ ಕೆಲವು ವಾರ ಹಾಗೇ ನಿಂತರೆ, ಹವಳದೊಳಗಿನ ಪಾಚಿಯ ದ್ಯುತಿಸಂಶ್ಲೇಷಣೆ ಹದತಪ್ಪಿ ವಿಷಕಾರಿ ಆಮ್ಲಜನಕ ಸಂಯುಕ್ತಗಳು ಹುಟ್ಟುತ್ತವೆ. ಹವಳ ಪಾಚಿಯನ್ನು ಹೊರದೂಡುತ್ತದೆ. ಬಣ್ಣ ಹೋಗಿ, ಪಾರದರ್ಶಕ ಮಾಂಸದಡಿಯ ಸುಣ್ಣ ಬೆಳ್ಳಗೆ ಕಾಣುತ್ತದೆ. ಬಿಳಿಚಿದ ಹವಳ ಆಗಿನ್ನೂ ಸತ್ತಿರುವುದಿಲ್ಲ, ಉಪವಾಸವಿರುತ್ತದೆ. ನೀರು ಬೇಗ ತಣಿದರೆ ಪಾಚಿ ಮರಳಬಹುದು, ಇಲ್ಲವಾದರೆ ಸಾವು. 1998ರ ಎಲ್ ನಿನೊ ಬೇಸಿಗೆಯಲ್ಲಿ ಲಕ್ಷದ್ವೀಪದ ಹವಳ ಅಪಾರವಾಗಿ ಸತ್ತಿತು. 2010, 2016ರಲ್ಲಿ ಮತ್ತೆ ಬಿಸಿ. 2024ರ ಏಪ್ರಿಲ್‌ನಲ್ಲಿ ಜಾಗತಿಕ ಮಟ್ಟದ ನಾಲ್ಕನೆಯ ಬಿಳಿಚುವಿಕೆ ಘೋಷಣೆಯಾಯಿತು, ಆ ಬೇಸಿಗೆ ಲಕ್ಷದ್ವೀಪವೂ ಬೆಳ್ಳಗಾಯಿತು.

ಅಗತ್ತಿ, ಕದ್ಮತ್, ಕವರಟ್ಟಿಗಳ ದಿಬ್ಬಗಳನ್ನು 1998ರಿಂದ ಅಳೆಯುತ್ತ ಬಂದ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಅಧ್ಯಯನದ ಪ್ರಕಾರ, ಆಗ ಶೇ 37ರಷ್ಟಿದ್ದ ಜೀವಂತ ಹವಳದ ಹೊದಿಕೆ 2022ರ ಹೊತ್ತಿಗೆ ಸುಮಾರು ಶೇ 19ಕ್ಕೆ ಇಳಿದಿತ್ತು. ಇದರಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಒಂದೊಂದು ಬಿಸಿಯಲೆಯಲ್ಲೂ ಸಾಯುವ ಹವಳದ ಪ್ರಮಾಣ ಹಿಂದಿನದಕ್ಕಿಂತ ಕಡಿಮೆಯಾಗುತ್ತ ಬಂದಿದೆ, ಏಕೆಂದರೆ ತಾಳಬಲ್ಲವು ಉಳಿದಿವೆ. ಆದರೆ ಚೇತರಿಕೆಯ ವೇಗವೂ ಕುಗ್ಗಿದೆ; ಎರಡು ಪೆಟ್ಟಿನ ನಡುವೆ ಸಿಗುವ ವರ್ಷಗಳು ಸಾಲುತ್ತಿಲ್ಲ. ಅಲೆಯ ಹೊಡೆತವಿರುವ ಪಶ್ಚಿಮದ ಇಳಿಜಾರುಗಳಲ್ಲಿ ಅಕ್ರೊಪೊರಾ ಬೇಗ ಚಿಗುರುತ್ತದೆ, ನೋಡಲು ದಿಬ್ಬ ತುಂಬಿದಂತೆಯೂ ಇರುತ್ತದೆ; ಸತ್ತ ತುಂಡುಗಳ ಸಡಿಲ ರಾಶಿಯ ಮೇಲೆ ನಿಂತ ಆ ಮೇಜುಗಳನ್ನು ಮುಂಗಾರು ಉರುಳಿಸಬಲ್ಲದು. ದೀರ್ಘಾಯುಷಿ ಗ್ರೂಪರ್‌ಗಳಿಗೆ ಬೇಕಾಗುವುದು ಹಳೆಯ, ಗಟ್ಟಿ ಆಸರೆ. ಹವಳದ ಹೊದಿಕೆಯ ಶೇಕಡಾವಾರು ಅಂಕಿಯೊಂದೇ ದಿಬ್ಬದ ಆರೋಗ್ಯ ಹೇಳದು.

ಕರ್ನಾಟಕದಲ್ಲಿ ಡೈವಿಂಗ್‌ಗೆ ಹೆಸರಾದದ್ದು ಮುರ್ಡೇಶ್ವರದಿಂದ ಸುಮಾರು 20 ಕಿಲೋಮೀಟರ್ ದೂರದ ನೇತ್ರಾಣಿ. 2022ರ ‘ಗಂಧದ ಗುಡಿ’ ಚಿತ್ರದಲ್ಲಿ ಪುನೀತ್ ರಾಜ್‌ಕುಮಾರ್ ಮುಳುಗಿದ್ದು ಅಲ್ಲೇ. ನೇತ್ರಾಣಿ ಅಟಾಲ್ ಅಲ್ಲ, ಕಡಿದಾದ ಬಂಡೆಯ ದ್ವೀಪ. ಹವಳ ಆ ಬಂಡೆಗೆ ಅಂಟಿ ಬೆಳೆದಿದೆ. ಕರಾವಳಿಗೆ ಹತ್ತಿರವಾದ್ದರಿಂದ ನೀರಿನ ತಿಳಿ ಲಕ್ಷದ್ವೀಪದಷ್ಟು ಖಾತರಿಯಲ್ಲ, ಮೀನಿನ ಹಿಂಡು ಮಾತ್ರ ದಟ್ಟ. ಮೊದಲ ಸಲ ನೀರಿಗಿಳಿಯುವವರಿಗೆ ಅದು ಸಾಕಷ್ಟು ಒಳ್ಳೆಯ ಜಾಗ.

ಎರಡೂ ಕಡೆ ಅಕ್ಟೋಬರ್‌ನಿಂದ ಮೇ ಮಧ್ಯದವರೆಗೆ ಡೈವಿಂಗ್ ಕಾಲ, ಮಳೆಗಾಲದಲ್ಲಿ ಬಂದ್. ಲಕ್ಷದ್ವೀಪಕ್ಕೆ ಹೋಗಲು ಹೊರಗಿನವರಿಗೆ ಪ್ರವೇಶ ಪರವಾನಗಿ ಬೇಕು. ದಿಬ್ಬ ಕಟ್ಟುವ ಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆ ಇರುವುದರಿಂದ, ನೆನಪಿಗೆಂದು ದಡದಲ್ಲಿ ಬಿದ್ದ ತುಂಡು ಎತ್ತಿಕೊಂಡು ಬರುವುದೂ ಅಪರಾಧ. ದ್ವೀಪಸಮೂಹದ ಏಕೈಕ ವಿಮಾನ ನಿಲ್ದಾಣ ಅಗತ್ತಿಯಲ್ಲಿದೆ. ಕೊನೆಯ ಡೈವ್ ಮುಗಿದು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು, ಎತ್ತರದ ಕಡಿಮೆ ಒತ್ತಡದಲ್ಲಿ ಮೈಯಲ್ಲುಳಿದ ಸಾರಜನಕ ಗುಳ್ಳೆಯಾಗುತ್ತದೆ. ಹೀಗಾಗಿ ವಾಪಸು ಹೊರಡುವ ಹಿಂದಿನ ದಿನವನ್ನು ಮಾಸ್ಕ್, ಸ್ನಾರ್ಕೆಲ್ ಹಾಕಿಕೊಂಡು ಲಗೂನ್‌ನ ಮೇಲ್ನೀರಿನಲ್ಲಿ ಕಳೆಯುವಂತೆ ಡೈವಿಂಗ್ ಕೇಂದ್ರಗಳು ಹೇಳುತ್ತವೆ.